ಲಿಂಕನ್ ಹುಟ್ಟಿದ ಊರಿಂದ ಮಲಗಿದ ಊರಿಗೆ: ಅಪ್ಪನ ಜೊತೆ ನಾಲ್ಕು ದಿನ

ನನ್ನಪ್ಪ ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಅವರ ರೂಮಿನ ಗೋಡೆಯಲ್ಲಿ ಗಾಂಧೀಜಿ ಪಟದ ಪಕ್ಕ ಕಟ್ಟು ಹಾಕಿಸಿದ ಒಂದು ಹಾಳೆ ಇತ್ತು. ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ. ನಮ್ಮ ಕಡೆ ಎಷ್ಟೋ ಶಾಲೆಗಳ ಗೋಡೆಯಲ್ಲಿ ಅದನ್ನು ನೀವೂ ನೋಡಿರುತ್ತೀರಿ. ಪ್ರತಿ ವರ್ಷ ಶಿಕ್ಷಕರ ದಿನಾಚರಣೆಗೆ ಅಪ್ಪ ಅದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಈ ಸಲ ಅವರು ಅಮೆರಿಕದ ಸಿನ್ಸಿನಾಟಿಗೆ, ನಮ್ಮ ಮನೆಗೆ ಬಂದಾಗ ನಯಾಗರಾ ತೋರಿಸ್ತೀನಿ ಅಂದೆ. "ನೀರು ನಮ್ಮಲ್ಲೂ ಬೀಳ್ತದೆ ಮಾರಾಯ್ತಿ. ನನಗೆ ಲಿಂಕನ್ ಊರು ತೋರಿಸು" ಅಂದರು.

ಅಕ್ಟೋಬರ್ ಮೊದಲ ವಾರ ಮಗನಿಗೆ ಶಾಲೆ ರಜೆ ಇತ್ತು. ಅವನಿಗೆ ಒಂಬತ್ತು ವರ್ಷ. ಗಂಡನಿಗೆ ರಜೆ ಸಿಗಲಿಲ್ಲ. ಅಪ್ಪ, ಮಗ, ನಾನು ಮೂವರೇ ಕಾರು ಹತ್ತಿದೆವು. ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಚಪಾತಿ, ಅಪ್ಪೆಮಿಡಿ ಉಪ್ಪಿನಕಾಯಿ. ಅಪ್ಪ ಸಸ್ಯಾಹಾರಿ. ಈ ದಾರಿಯ ಸಣ್ಣ ಊರುಗಳಲ್ಲಿ ಅವರಿಗೆ ಹೊಟ್ಟೆ ತುಂಬ ಊಟ ಸಿಗುವುದು ಕಷ್ಟ ಅಂತ ಗೊತ್ತಿತ್ತು.

ಮೊದಲ ದಿನ: ಕೆಂಟಕಿ

ಸಿನ್ಸಿನಾಟಿಯಿಂದ ಲಿಂಕನ್ ಹುಟ್ಟಿದ ಊರು ಹಾಜನ್‌ವಿಲ್‌ಗೆ ಎರಡೂವರೆ ಗಂಟೆ. ಹೈವೇ ಬಿಟ್ಟು ಒಳದಾರಿ ಹಿಡಿದ ಮೇಲೆ ಕೆಂಟಕಿ ಬೇರೆಯೇ ಕಾಣುತ್ತದೆ. ಏರಿಳಿಯುವ ಹುಲ್ಲುಗಾವಲು, ಕಪ್ಪು ಬಣ್ಣ ಬಳಿದ ತಂಬಾಕಿನ ಕೊಟ್ಟಿಗೆಗಳು, ಮೇಯುವ ದನ. ಅಪ್ಪ ಕಿಟಕಿ ಇಳಿಸಿ ಕೂತರು.

ಒಂದು ಕಡೆ ರಸ್ತೆ ಬದಿಯಲ್ಲಿ ಮೇಜು ಹಾಕಿಕೊಂಡು ಒಬ್ಬ ಅಜ್ಜಿ ಕುಂಬಳಕಾಯಿ ಮಾರುತ್ತಿದ್ದರು. ಪಕ್ಕದಲ್ಲಿ ಗಾಜಿನ ಬಾಟಲಿಗಳಲ್ಲಿ ಕಂದು ಬಣ್ಣದ ಪಾಕ. ಇಲ್ಲಿನವರು ಅದನ್ನು ಸುಮ್ನೆ 'ಸೋರ್ಗಮ್' ಅನ್ನುತ್ತಾರೆ. ಜೋಳದ ಜಾತಿಯ ಸಿಹಿ ದಂಟನ್ನು ಗಾಣಕ್ಕೆ ಕೊಟ್ಟು, ರಸ ಕಾಯಿಸಿ ಮಾಡುವುದು. ಅಜ್ಜಿ ಚಮಚದಲ್ಲಿ ರುಚಿ ನೋಡಲು ಕೊಟ್ಟರು. ಅಪ್ಪ ಕಣ್ಣು ಮುಚ್ಚಿ ಚಪ್ಪರಿಸಿ, "ಇದು ನಮ್ಮ ಜೋನಿಬೆಲ್ಲದ ತಮ್ಮ" ಅಂದರು. ಒಂದು ಬಾಟಲಿ ಕೊಂಡೆವು. ಮುಂದಿನ ನಾಲ್ಕು ದಿನ ಚಪಾತಿಗೆ ಅದೇ ಆಯಿತು. ಶರತ್ಕಾಲದಲ್ಲಿ ಆ ಕಡೆ ಹೋದರೆ ಬಿಡಬೇಡಿ.

ಊರ ಮಧ್ಯದ ಚೌಕದಲ್ಲಿ ಎರಡು ಪ್ರತಿಮೆಗಳಿವೆ. ಒಂದು ಕಡೆ ಅಧ್ಯಕ್ಷ ಲಿಂಕನ್ ಕುರ್ಚಿಯಲ್ಲಿ ಕೂತಿದ್ದಾರೆ. ಎದುರಿಗೆ ಪುಸ್ತಕ ಹಿಡಿದ ಹುಡುಗ ಲಿಂಕನ್, ಜೊತೆಗೆ ನಾಯಿ. ಮಗ ನಾಯಿಯ ಹತ್ತಿರವೇ ನಿಂತುಬಿಟ್ಟ.

ಹುಟ್ಟಿದ ಜಾಗ ಊರಿಂದ ಮೂರು ಮೈಲಿ. ಅಲ್ಲಿ ಗುಡಿಸಲು ಹುಡುಕಿದರೆ ಕಾಣುವುದು ಗ್ರೀಕ್ ದೇವಾಲಯದಂಥ ಕಲ್ಲಿನ ಕಟ್ಟಡ. 1909ರಲ್ಲಿ, ಲಿಂಕನ್ ಹುಟ್ಟಿ ನೂರು ವರ್ಷವಾದಾಗ, ಥಿಯೋಡರ್ ರೂಸ್‌ವೆಲ್ಟ್ ಅಡಿಗಲ್ಲು ಹಾಕಿದ್ದರು. ಹತ್ತಲು 56 ಮೆಟ್ಟಿಲು. ಲಿಂಕನ್ ಬದುಕಿದ್ದ ವರ್ಷಕ್ಕೊಂದು. ಅಪ್ಪನಿಗೆ ಮಂಡಿ ನೋವು, ನಿಂತು ನಿಂತು ಹತ್ತಿದರು. "ಇಪ್ಪತ್ತೆರಡಕ್ಕೆ ಸುಸ್ತಾಯ್ತು, ಲಿಂಕನ್ ಆಗ ಎಲ್ಲಿದ್ದ?" ಅಂತ ಕೇಳಿದರು. ನ್ಯೂ ಸೇಲಂನಲ್ಲಿ, ನಾಡಿದ್ದು ಅಲ್ಲಿಗೇ ಹೋಗೋದು ಅಂದೆ.

ಒಳಗೆ ಒಂದೇ ಕೋಣೆಯ ದಿಮ್ಮಿಯ ಗುಡಿಸಲು. ಒಂದು ಬಾಗಿಲು, ಒಂದು ಕಿಟಕಿ. ಅಪ್ಪ ಕೈಮುಗಿದರು. ಪಕ್ಕದಲ್ಲಿದ್ದ ಪಾರ್ಕಿನ ಸಿಬ್ಬಂದಿ ಹುಡುಗಿ ನಿಧಾನವಾಗಿ ವಿವರಿಸಿದಳು. ಇದು ಲಿಂಕನ್ ಹುಟ್ಟಿದ ಗುಡಿಸಲಲ್ಲ. ನೂರು ವರ್ಷದ ಹಿಂದೆ ಜನ ಹಾಗೆ ನಂಬಿದ್ದರು. ಆಮೇಲೆ ದಿಮ್ಮಿಗಳ ಉಂಗುರ ಎಣಿಸಿ ನೋಡಿದರೆ ಮರ ಕಡಿದದ್ದು 1840ರ ದಶಕದಲ್ಲಿ. ಲಿಂಕನ್ ಹುಟ್ಟಿದ್ದು 1809ರ ಫೆಬ್ರುವರಿ 12ರಂದು. ಅದಕ್ಕೇ ಈಗ ಇದನ್ನು ಸಾಂಕೇತಿಕ ಗುಡಿಸಲು ಅಂತ ಮಾತ್ರ ಕರೆಯುತ್ತಾರಂತೆ.

ಅಪ್ಪನ ಮುಖ ಸ್ವಲ್ಪ ಸಣ್ಣದಾಯಿತು. ನನಗೆ ಎದೆಯಲ್ಲಿ ಏನೋ ಚುಚ್ಚಿತು, ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. "ಹಾಗಾದ್ರೆ ನಿಜವಾದದ್ದು ಏನಿದೆ ಇಲ್ಲಿ?" ಅಂತ ಕೇಳಿದರು. ಹುಡುಗಿ ಕೆಳಗೆ ಕೈ ತೋರಿಸಿದಳು. ಮೆಟ್ಟಿಲ ಬುಡದ ಹತ್ತಿರ ನೆಲ ಗುಳಿಬಿದ್ದ ಒಂದು ಜಾಗ. ಕಲ್ಲಿನ ಸಂದಿಯಿಂದ ನೀರು ಒಸರಿ, ಮತ್ತೆ ನೆಲದೊಳಗೇ ಹೋಗುತ್ತದೆ. ಸಿಂಕಿಂಗ್ ಸ್ಪ್ರಿಂಗ್ ಅಂತ ಹೆಸರು. ಲಿಂಕನ್ ಮನೆಯವರು ಕುಡಿದದ್ದು ಇದೇ ಒರತೆಯ ನೀರು. ತಂಪಾದ ಪಾಚಿ ವಾಸನೆ. ಅಪ್ಪ ತುಂಬ ಹೊತ್ತು ಅಲ್ಲೇ ನಿಂತರು.

ಮಧ್ಯಾಹ್ನ ಹತ್ತು ಮೈಲಿ ಆಚೆಯ ನಾಬ್ ಕ್ರೀಕ್. ಲಿಂಕನ್ ಎರಡು ವರ್ಷದಿಂದ ಏಳು ವರ್ಷದವರೆಗೆ ಬೆಳೆದ ಜಾಗ. ಎರಡು ಗುಡ್ಡಗಳ ನಡುವೆ ಕಿರಿದಾದ ಗದ್ದೆಬಯಲು, ಥೇಟ್ ನಮ್ಮ ಕಡೆಯ ಕೋಗಿನ ಹಾಗೆ. ಲಿಂಕನ್‌ಗಿದ್ದ ಹಳೆಯ ನೆನಪುಗಳಲ್ಲಿ ಒಂದು ಇಲ್ಲಿಯದು. ಹುಡುಗ ಸಾಲಿನುದ್ದಕ್ಕೂ ಕುಂಬಳಬೀಜ ಹಾಕಿದನಂತೆ. ಮರುದಿನ ಗುಡ್ಡದ ಮೇಲೆ ಮಳೆ ಹೊಡೆದು, ನೀರು ನುಗ್ಗಿ, ಬೀಜ, ಮಣ್ಣು ಎಲ್ಲ ಕೊಚ್ಚಿಕೊಂಡು ಹೋಯಿತಂತೆ. ಅಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಇರಲಿಲ್ಲ.

ಇದೇ ಹೊಳೆಗೆ ಬಿದ್ದು ಲಿಂಕನ್ ಮುಳುಗುತ್ತಿದ್ದಾಗ ಆಸ್ಟಿನ್ ಗೊಲಹರ್ ಅನ್ನುವ ಗೆಳೆಯ ಎಳೆದು ಉಳಿಸಿದ ಕಥೆಯಿದೆ. ಅದನ್ನು ಹೇಳಿ ಮುಗಿಸುವುದರೊಳಗೆ ನನ್ನ ಮಗ ಕಲ್ಲು ಜಾರಿ ಸೊಂಟದವರೆಗೆ ನೀರಿಗೆ ಬಿದ್ದ. ಆಳವಿರಲಿಲ್ಲ. ಆದರೆ ಬೂಟು ಮರುದಿನ ಸಂಜೆಯವರೆಗೂ ಒಣಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇನ್ನೊಂದು ಜೊತೆ ಬೂಟು ಇಟ್ಟುಕೊಳ್ಳಿ.

ಅಪ್ಪ ಕೇಳಿದ್ದು ಬೇರೆ. "ಇಷ್ಟು ಒಳ್ಳೆ ಜಾಗ ಬಿಟ್ಟು ಯಾಕೆ ಹೋದ್ರು?" ಲಿಂಕನ್ ಸ್ವತಃ 1860ರಲ್ಲಿ ಬರೆದಿದ್ದಾರೆ. ಸ್ವಲ್ಪ ಗುಲಾಮಗಿರಿಯ ಕಾರಣಕ್ಕೆ, ಮುಖ್ಯವಾಗಿ ಜಮೀನಿನ ಹಕ್ಕುಪತ್ರದ ತಕರಾರಿಗೆ. ಕೆಂಟಕಿಯಲ್ಲಿ ಆಗ ಚಕ್ಕುಬಂದಿ ಬರೆಯುತ್ತಿದ್ದದ್ದು ಮರ, ಬಂಡೆ, ಹಳ್ಳಗಳನ್ನು ಗುರುತಿಟ್ಟು. ಮರ ಬಿದ್ದರೆ ಗಡಿ ಹೋಯಿತು. ಒಂದೇ ಜಮೀನಿಗೆ ಇಬ್ಬರು ಮೂವರು ಹಕ್ಕುದಾರರು. ಲಿಂಕನ್ ತಂದೆ ಥಾಮಸ್ ಕೋರ್ಟು ಅಲೆದು ಸೋತುಹೋದರು. ನದಿಯಾಚೆಯ ಇಂಡಿಯಾನಾದಲ್ಲಿ ಸರ್ಕಾರವೇ ಚೌಕ ಚೌಕವಾಗಿ ಸರ್ವೆ ಮಾಡಿ ಜಮೀನು ಮಾರುತ್ತಿತ್ತು. ಗುಲಾಮಗಿರಿಯೂ ಇರಲಿಲ್ಲ. ಅಪ್ಪ ನಿಟ್ಟುಸಿರು ಬಿಟ್ಟು, "ಪಹಣಿ ಸರಿ ಇಲ್ಲದ ಮನೆ ಕಷ್ಟ ನನಗೆ ಗೊತ್ತುಂಟು" ಅಂದರು.

ಎರಡನೇ ದಿನ: ಇಂಡಿಯಾನಾ

ರಾತ್ರಿ ಎಲಿಜಬೆತ್‌ಟೌನ್‌ನಲ್ಲಿ ತಂಗಿದ್ದೆವು. ಬೆಳಗ್ಗೆ ಜಡಿಮಳೆ. ಓಹಾಯೋ ನದಿಯನ್ನು ಓವೆನ್ಸ್‌ಬರೋ ಹತ್ತಿರ ದಾಟಿದೆವು. ಅಗಲವಾದ ಕೆಂಪು ನೀರು, ಮಂಜಿನಲ್ಲಿ ಕಲ್ಲಿದ್ದಲ ದೋಣಿ. ಇಲ್ಲಿ ಒಂದು ಮಾತು. ಹಾಜನ್‌ವಿಲ್‌ನಿಂದ ಈ ಕಡೆ ಬರುವಾಗ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಫೋನು ತಾನೇ ಬದಲಾಯಿಸಿಕೊಂಡಿತು, ಅಪ್ಪನ ಕೈಗಡಿಯಾರ ಬದಲಾಗಲಿಲ್ಲ. ಮಾರನೇ ದಿನ ನಾಲ್ಕು ಗಂಟೆಗೇ ಸ್ನಾನ ಮುಗಿಸಿ ನಮ್ಮನ್ನು ಎಬ್ಬಿಸಿದರು.

ಲಿಂಕನ್ ಸಿಟಿ ಅಂತ ಹೆಸರಷ್ಟೇ, ಇರುವುದು ಕಾಡು. ಏಳು ವರ್ಷದಿಂದ ಇಪ್ಪತ್ತೊಂದರವರೆಗೆ, 14 ವರ್ಷ ಲಿಂಕನ್ ಇಲ್ಲಿದ್ದರು. ಮರ ಕಡಿದು, ಬೇಲಿಗೆ ದಿಮ್ಮಿ ಸೀಳಿ ದೊಡ್ಡವರಾದರು. ಆಗಿನ ಕಾಲದ ಹಾಗೆ ನಡೆಸುವ ಒಂದು ಹೊಲ, ಕೊಟ್ಟಿಗೆ, ಕೋಳಿಗಳಿವೆ. ಮಗನಿಗೆ ಅದೇ ಇಷ್ಟವಾಯಿತು.

ನನಗೆ ಮರೆಯಲಾಗದ್ದು ಗುಡ್ಡದ ಮೇಲಿನ ಸಮಾಧಿ. ಮಳೆ ನಿಂತು ಎಲೆಗಳಿಂದ ಹನಿ ಬೀಳುತ್ತಿತ್ತು. ಬಿಳಿ ಕಲ್ಲಿನ ಮೇಲೆ ನ್ಯಾನ್ಸಿ ಹ್ಯಾಂಕ್ಸ್ ಲಿಂಕನ್ ಹೆಸರು. ಲಿಂಕನ್ ತಾಯಿ. 1818ರ ಅಕ್ಟೋಬರ್ 5ರಂದು ತೀರಿಕೊಂಡರು, ವಯಸ್ಸು 34. ಲಿಂಕನ್‌ಗೆ ಒಂಬತ್ತು. ನಾನು ಪಕ್ಕಕ್ಕೆ ನೋಡಿದೆ. ನನ್ನ ಒಂಬತ್ತು ವರ್ಷದವನು ಒದ್ದೆ ಬೂಟಿನಲ್ಲಿ ಎಲೆ ಒದೆಯುತ್ತಾ ನಿಂತಿದ್ದ.

ಕೊಂದದ್ದು ಹಾಲು. ಕಾಡಿನ ನೆರಳಲ್ಲಿ ಬೆಳೆಯುವ, ಬಿಳಿ ಹೂ ಬಿಡುವ ಒಂದು ಗಿಡ. ಇಂಗ್ಲಿಷಿನಲ್ಲಿ ವೈಟ್ ಸ್ನೇಕ್‌ರೂಟ್ ಅನ್ನುತ್ತಾರೆ. ಬೇಸಿಗೆ ಕೊನೆಯಲ್ಲಿ ಹುಲ್ಲು ಒಣಗಿದಾಗ ದನ ಕಾಡಿಗೆ ನುಗ್ಗಿ ಅದನ್ನು ತಿನ್ನುತ್ತದೆ. ವಿಷ ಹಾಲಿಗೆ ಇಳಿಯುತ್ತದೆ. ಹಾಲು ಕುಡಿದವರಿಗೆ ನಡುಕ, ವಾಂತಿ, ಕೆಲವೇ ದಿನದಲ್ಲಿ ಸಾವು. ನ್ಯಾನ್ಸಿಗಿಂತ ಮೊದಲು ಅವರ ಚಿಕ್ಕಮ್ಮ, ಚಿಕ್ಕಪ್ಪ ಇದೇ ಕಾಯಿಲೆಯಲ್ಲಿ ಹೋಗಿದ್ದರು. ಹಾಲಿನಿಂದ ಬರುತ್ತದೆ ಅಂತ ಜನರಿಗೆ ಅನುಮಾನವಿತ್ತು, ಯಾವ ಗಿಡ ಅಂತ ಗೊತ್ತಿರಲಿಲ್ಲ. ಪಾರ್ಕಿನವರೊಬ್ಬರು ದಾರಿ ಬದಿಯಲ್ಲೇ ಆ ಹೂ ತೋರಿಸಿದರು. ಅಕ್ಕಿಕಾಳಿನಂಥ ಪುಟ್ಟ ಬಿಳಿ ಗೊಂಚಲು. ನೋಡಲು ಚೆಂದ. ಅಪ್ಪ ಬಗ್ಗಿ ನೋಡಿದರು, ಮುಟ್ಟಲಿಲ್ಲ. "ನಮ್ಮಲ್ಲೂ ಲಂಟಾನ ತಿಂದ ದನಕ್ಕೆ ಕಾಮಾಲೆ ಬರ್ತದೆ. ಆದ್ರೆ ಯಾವುದು ತಿನ್ನಬಾರದು ಅಂತ ಹೇಳಿಕೊಡೋಕೆ ನಮಗೆ ಅಜ್ಜ ಅಜ್ಜಿ ಇದ್ರು. ಇವರು ಹೊಸ ಕಾಡಿಗೆ ಬಂದವರು. ಹೇಳೋರು ಯಾರೂ ಇರಲಿಲ್ಲ" ಅಂದರು. ನಾನು ಓದಿದ ಯಾವುದಕ್ಕಿಂತಲೂ ಆ ಮಾತು ನನಗೆ ಹೆಚ್ಚು ಅರ್ಥ ಮಾಡಿಸಿತು.

ಶವಪೆಟ್ಟಿಗೆಯನ್ನು ತಂದೆಯೇ ಮಾಡಿದರು, ಅದರ ಮರದ ಮೊಳೆಗಳನ್ನು ಹುಡುಗ ಲಿಂಕನ್ ಕೆತ್ತಿಕೊಟ್ಟ ಅನ್ನುತ್ತಾರೆ. ಕಲ್ಲಿನ ಮೇಲೆ ಬಂದವರು ಒಂದೊಂದು ಸೆಂಟಿನ ನಾಣ್ಯ ಇಟ್ಟು ಹೋಗಿದ್ದರು. ಆ ನಾಣ್ಯದಲ್ಲಿ ಲಿಂಕನ್ ಮುಖವಿದೆ, ಅಲ್ವಾ. ಮಗನ ಮುಖವನ್ನು ತಾಯಿಯ ಹತ್ತಿರ ಇಟ್ಟು ಬರುವುದು. ನನ್ನ ಮಗನೂ ಒಂದು ಇಟ್ಟ.

ಮರುವರ್ಷ ಕೆಂಟಕಿಯಿಂದ ಮಲತಾಯಿ ಬಂದರು. ಸಾರಾ ಬುಷ್ ಜಾನ್‌ಸ್ಟನ್. ತನ್ನ ಮೂರು ಮಕ್ಕಳ ಜೊತೆ ಈ ಎರಡು ಮಕ್ಕಳನ್ನೂ ಬೆಳೆಸಿದರು. ಓದುವ ಹುಡುಗನನ್ನು ಓದಲು ಬಿಟ್ಟರು. ಲಿಂಕನ್ ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗುವುದಿಲ್ಲ. ಇದನ್ನು ಕೇಳಿ ಅಪ್ಪ ಎರಡು ಸಲ ಖಾತ್ರಿ ಮಾಡಿಕೊಂಡರು. ಮೂವತ್ತೈದು ವರ್ಷ ಮಕ್ಕಳ ಹಾಜರಿ ಕರೆದವರು ಅವರು.

ಊಟಕ್ಕೆ ನಿಂತ ಹೋಟೆಲಿನಲ್ಲಿ ಎಲ್ಲದರಲ್ಲೂ ಹಂದಿ ಮಾಂಸ. ಕೊನೆಗೆ ಸಿಕ್ಕಿದ್ದು ಬೇಯಿಸಿದ ಆಲೂಗಡ್ಡೆ ಮತ್ತು ಪರ್ಸಿಮನ್ ಹಣ್ಣಿನ ಪುಡ್ಡಿಂಗ್. ಪುಡ್ಡಿಂಗ್ ಹಲಸಿನಹಣ್ಣಿನ ಕಡುಬನ್ನು ನೆನಪಿಸಿತು.

ಮೂರನೇ ದಿನ: ವಾಬಾಶ್ ದಾಟಿ ನ್ಯೂ ಸೇಲಂಗೆ

ವಿನ್ಸೆನ್ಸ್ ಊರಿನಲ್ಲಿ ವಾಬಾಶ್ ನದಿ ದಾಟಿದರೆ ಇಲಿನಾಯ್. 1830ರಲ್ಲಿ ಲಿಂಕನ್ ಮನೆಯವರು ಎತ್ತಿನ ಗಾಡಿಯಲ್ಲಿ ದಾಟಿದ್ದೂ ಇಲ್ಲೇ. ಆಚೆ ದಡದಲ್ಲಿ ಅದರ ಸ್ಮಾರಕವಿದೆ. ಆಮೇಲೆ ಗಂಟೆಗಟ್ಟಲೆ ಚಪ್ಪಟೆ ನೆಲ. ಮೆಕ್ಕೆಜೋಳ, ಸೋಯಾ ಕೊಯ್ಲು ನಡೆಯುತ್ತಿತ್ತು, ಯಂತ್ರಗಳ ಹಿಂದೆ ಧೂಳಿನ ಮೋಡ. ಅಪ್ಪ, ಮಗ ಇಬ್ಬರೂ ನಿದ್ದೆ ಹೋದರು.

ನ್ಯೂ ಸೇಲಂ ಸ್ಯಾಂಗಮನ್ ನದಿಯ ಮೇಲಿನ ದಿಬ್ಬದಲ್ಲಿದೆ. 1831ರಲ್ಲಿ ಲಿಂಕನ್ ಸರಕು ಸಾಗಿಸುತ್ತಿದ್ದ ದೋಣಿ ಇಲ್ಲಿನ ಗಿರಣಿ ಒಡ್ಡಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದ ಉದ್ದನೆಯ ಹುಡುಗನನ್ನು ಊರು ಗುರುತಿಟ್ಟುಕೊಂಡಿತು. ಅವನು ಬಂದು ಆರು ವರ್ಷ ನೆಲೆಸಿದ. ಅವನು ಹೋದ ಕೆಲವೇ ವರ್ಷಕ್ಕೆ ಊರೇ ಖಾಲಿಯಾಯಿತು. ಈಗಿರುವುದು 1930ರ ದಶಕದಲ್ಲಿ ಮತ್ತೆ ಕಟ್ಟಿದ ದಿಮ್ಮಿ ಮನೆಗಳು. ಒಂದು ಪೀಪಾಯಿ ಮಾಡುವವನ ಮನೆ ಮಾತ್ರ ಹಳೆಯದು. ಅಪ್ಪ ನೇರವಾಗಿ ಅಲ್ಲಿಗೇ ನಡೆದರು.

ಇಲ್ಲಿನ ಲಿಂಕನ್ ನನಗೆ ತುಂಬ ಹತ್ತಿರದವರು ಅನ್ನಿಸಿತು. ಅಂಗಡಿ ಇಟ್ಟರು, ಮುಳುಗಿತು. ಪಾಲುದಾರ ತೀರಿಕೊಂಡ ಮೇಲೆ ಅವನ ಸಾಲವೂ ತಲೆಗೆ ಬಂತು, ತೀರಿಸಲು ವರ್ಷಗಳೇ ಹಿಡಿದವು. ಪೋಸ್ಟ್‌ಮಾಸ್ಟರ್ ಆದರು, ಟೋಪಿಯೊಳಗೆ ಕಾಗದ ಇಟ್ಟುಕೊಂಡು ಹಂಚಿದರು. ಸರ್ವೆ ಕೆಲಸ ಕಲಿತರು. ತಂದೆ ಥಾಮಸ್ ಜಮೀನು ಕಳೆದದ್ದೇ ಕೆಟ್ಟ ಸರ್ವೆಯಿಂದ, ಮಗ ಲಿಂಕನ್ ಸರಪಳಿ ಹಿಡಿದು ಊರವರ ಗಡಿ ಸರಿಯಾಗಿ ಅಳೆದುಕೊಟ್ಟರು. ಸಾಲಗಾರರು ಆ ಸರ್ವೆ ಸಾಮಾನನ್ನೂ ಹರಾಜು ಹಾಕಿಸಿದರು. ಜೇಮ್ಸ್ ಶಾರ್ಟ್ ಅನ್ನುವ ಗೆಳೆಯ ಹರಾಜಿನಲ್ಲಿ ಕೊಂಡು ವಾಪಸ್ ಕೈಗೆ ಕೊಟ್ಟ. 1832ರ ಮೊದಲ ಚುನಾವಣೆಯಲ್ಲಿ ಲಿಂಕನ್ ಸೋತರು. ಆದರೆ ಅವರನ್ನು ದಿನಾ ನೋಡುತ್ತಿದ್ದ ಈ ಊರಿನ 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. 1834ರಲ್ಲಿ ಗೆದ್ದು ಶಾಸನಸಭೆಗೆ ಹೋದರು.

ಸಂಜೆ ಸ್ಪ್ರಿಂಗ್‌ಫೀಲ್ಡ್. ಅಲ್ಲಿಯ ವಿಶೇಷ ತಿಂಡಿ 'ಹಾರ್ಸ್‌ಶೂ'. ದಪ್ಪ ಬ್ರೆಡ್ಡಿನ ಮೇಲೆ ಮಾಂಸ, ಅದರ ಮೇಲೆ ಆಲೂ ಫ್ರೈಸ್, ಮೇಲಿಂದ ಚೀಸ್ ಸಾರು. ಮಾಂಸದ ಬದಲು ತರಕಾರಿ ಹಾಕಿ ಅಂದರೆ ಹಾಕಿಕೊಟ್ಟರು. ಒಂದು ತಟ್ಟೆ ಮೂವರಿಗೆ ಸಾಕು.

ನಾಲ್ಕನೇ ದಿನ: ಸ್ಪ್ರಿಂಗ್‌ಫೀಲ್ಡ್

1837ರ ಏಪ್ರಿಲ್‌ನಲ್ಲಿ ಲಿಂಕನ್ ಈ ಊರಿಗೆ ಬಂದಾಗ ಕುದುರೆಯೂ ಸಾಲದ್ದು. ಹಾಸಿಗೆ ಸಾಮಾನು ಕೇಳಿದರೆ 17 ಡಾಲರ್ ಅಂದನಂತೆ ಅಂಗಡಿಯ ಜೋಶುವಾ ಸ್ಪೀಡ್. ಅಷ್ಟು ದುಡ್ಡಿಲ್ಲ ಅಂದಾಗ, ಮಹಡಿಯಲ್ಲಿ ನನ್ನ ಹಾಸಿಗೆ ದೊಡ್ಡದಿದೆ, ಅಲ್ಲೇ ಇರು ಅಂದನಂತೆ. ಏಳು ವರ್ಷಕ್ಕೆ ಅದೇ ಊರಲ್ಲಿ ವಕೀಲ ಲಿಂಕನ್ ಸ್ವಂತ ಮನೆ ಕೊಂಡರು.

ಎಂಟನೇ ರಸ್ತೆಯ ಆ ಮನೆ ನೋಡಲು ದುಡ್ಡಿಲ್ಲ, ಚೀಟಿ ಮಾತ್ರ ಬೇಕು. ಬೆಳಗ್ಗೆ ಬೇಗ ಹೋದರೆ ಕಾಯುವುದು ತಪ್ಪುತ್ತದೆ. ಅಪ್ಪನ ಗಡಿಯಾರದ ದಯೆಯಿಂದ ನಾವೇ ಮೊದಲು. ಮೆಟ್ಟಿಲು ಹತ್ತುವಾಗ ಪಕ್ಕದ ಹಿಡಿಕೆ ಹಿಡಿದುಕೊಳ್ಳಿ, ಇದು ಲಿಂಕನ್ ದಿನಾ ಹಿಡಿದ ಮರವೇ ಅಂತ ಮಾರ್ಗದರ್ಶಿ ಹೇಳಿದರು. ಅಪ್ಪ ಅಂಗೈಯನ್ನು ಪಂಚೆಗೆ ಒರೆಸುವ ಅಭ್ಯಾಸದಲ್ಲಿ ಪ್ಯಾಂಟಿಗೆ ಒರೆಸಿಕೊಂಡು, ಆಮೇಲೆ ಹಿಡಿದರು. ಇಳಿಯುವಾಗ ಕೈ ಬಿಡಲು ಅವರಿಗೆ ಮನಸ್ಸಿರಲಿಲ್ಲ.

ಹೊರಗೆ ಮರದ ನೆರಳಿನ ಬೆಂಚಿನಲ್ಲಿ ಕೂತಾಗ ಒಬ್ಬ ಹಿರಿಯರು ಮಾತಿಗೆ ಬಂದರು. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಊರಿನವರೇ. ಇಬ್ಬರು ಮೇಷ್ಟ್ರುಗಳು ಸೇರಿದ ಮೇಲೆ ಕೇಳಬೇಕೇ. ನಾನು ನಡುವೆ ಭಾಷೆ ದಾಟಿಸುತ್ತಿದ್ದೆ. ಅಪ್ಪ ಕೊನೆಗೂ ಕೇಳಿಯೇ ಬಿಟ್ಟರು. "ಮಗನ ಮೇಷ್ಟ್ರಿಗೆ ಬರೆದ ಪತ್ರ ಇದೆಯಲ್ಲ, ಅದರ ಮೂಲಪ್ರತಿ ಎಲ್ಲಿಟ್ಟಿದ್ದಾರೆ?"

ನಾನು ಹೆದರಿದ್ದು ಇದಕ್ಕೇ. ಅಂಥ ಪತ್ರವನ್ನು ಲಿಂಕನ್ ಬರೆದದ್ದಕ್ಕೆ ಯಾವ ಪುರಾವೆಯೂ ಇಲ್ಲ ಅಂತ ನಾನು ವರ್ಷಗಳ ಹಿಂದೆಯೇ ಓದಿದ್ದೆ. ಹೇಳಲು ಬಾಯಿ ಬಂದಿರಲಿಲ್ಲ. ಆ ಹಿರಿಯರು ತುಂಬ ಮೃದುವಾಗಿ ಹೇಳಿದರು. "ಭಾರತದಿಂದ ಬಂದವರು ಇದನ್ನು ಕೇಳುತ್ತಾರೆ. ಒಳ್ಳೆಯ ಮಾತುಗಳು. ಆದರೆ ಲಿಂಕನ್ ಬರಹಗಳಲ್ಲಿ ಅದಿಲ್ಲ." ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಅಪ್ಪ ಸ್ವಲ್ಪ ಹೊತ್ತು ಬೀದಿಯನ್ನೇ ನೋಡಿದರು. ಆಮೇಲೆ, "ಗುಡಿಸಲು ಅದಲ್ಲ ಅಂದ್ರು. ನೀರು ಅದೇ ಅಂದ್ರು. ಇವನು ನಿಜವಾಗಿ ಬರೆದದ್ದು ಏನಿದೆ ಕೇಳು" ಅಂದರು.

ಆ ಹಿರಿಯರು ಫೋನಿನಲ್ಲಿ ಒಂದು ಪತ್ರ ತೆಗೆದರು. ಅದರ ಹಿಂದಿನ ಕಥೆಯನ್ನೂ ಹೇಳಿದರು. ಲಿಂಕನ್ ಹಿರಿಯ ಮಗ ರಾಬರ್ಟ್ 1859ರಲ್ಲಿ ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದ. ಒಂದು ವರ್ಷ ಬೇರೆ ಶಾಲೆಯಲ್ಲಿ ಓದಿ ಪಾಸಾದ. ಆದರೆ ಜೊತೆಗಿದ್ದ ಇದೇ ಊರಿನ ಗೆಳೆಯ ಜಾರ್ಜ್ ಲೇಥಮ್ ಫೇಲಾದ. ಅದು 1860ರ ಜುಲೈ. ಲಿಂಕನ್ ಆಗ ಅಧ್ಯಕ್ಷ ಪದವಿಯ ಅಭ್ಯರ್ಥಿ. ದೇಶ ಒಡೆಯುವ ಹಂತದಲ್ಲಿತ್ತು. ಅಂಥ ಹೊತ್ತಿನಲ್ಲಿ ಜುಲೈ 22ರಂದು ಮಗನ ಗೆಳೆಯನಿಗೆ ಕಾಗದ ಬರೆದರು. ನೀನು ಫೇಲಾದ ಸುದ್ದಿ ಕೇಳಿ ಆದಷ್ಟು ನೋವು ಬದುಕಿನಲ್ಲಿ ನನಗೆ ಆಗಿದ್ದೇ ಅಪರೂಪ ಅಂತ ಶುರುವಾಗುತ್ತದೆ. ಎದೆಗುಂದಬೇಡ, ಪ್ರಯತ್ನ ಶುರು ಮಾಡಿದ ಮೇಲೆ ಗೆಲ್ಲಬೇಕು ಅನ್ನುತ್ತಾರೆ.

ಅಪ್ಪ ಮತ್ತೊಮ್ಮೆ ಓದಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಒಂದು ವರ್ಷವೂ ಶಾಲೆಗೆ ಹೋಗದವನು ಫೇಲಾದ ಹುಡುಗನಿಗೆ ಬರೆದದ್ದು" ಅಂದರು.

ಮಧ್ಯಾಹ್ನ ಹಳೆಯ ರೈಲು ನಿಲ್ದಾಣ. 1861ರ ಫೆಬ್ರುವರಿ 11, ಐವತ್ತೆರಡು ತುಂಬುವ ಹಿಂದಿನ ದಿನ, ಜಿನುಗು ಮಳೆಯಲ್ಲಿ ಅಧ್ಯಕ್ಷರಾಗಲು ಹೊರಟ ಲಿಂಕನ್ ಇಲ್ಲಿ ಊರವರಿಗೆ ವಿದಾಯ ಹೇಳಿದರು. ಕಾಲು ಶತಮಾನ ಇಲ್ಲಿದ್ದೆ, ಒಂದು ಮಗುವನ್ನು ಇಲ್ಲೇ ಮಣ್ಣು ಮಾಡಿದ್ದೇನೆ, ಯಾವಾಗ ಮರಳುತ್ತೇನೋ, ಮರಳುತ್ತೇನೋ ಇಲ್ಲವೋ ಗೊತ್ತಿಲ್ಲ ಅಂದರು. ಯುದ್ಧ ಬಂತು. 1863ರ ಮೊದಲ ದಿನ ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಅನ್ನುವ ಘೋಷಣೆ ಬಂತು. 1865ರ ಏಪ್ರಿಲ್ 14ರ ರಾತ್ರಿ ಗುಂಡು ಬಿತ್ತು. ಮೇ 3ರಂದು ಅವರು ಈ ಊರಿಗೆ ಮರಳಿದ್ದು ಶವಪೆಟ್ಟಿಗೆಯಲ್ಲಿ. ಅದೇ ರೈಲಿನಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆಯೂ ಇತ್ತು. ಶ್ವೇತಭವನದಲ್ಲಿ ಹನ್ನೊಂದನೇ ವಯಸ್ಸಿಗೆ ತೀರಿಕೊಂಡ ಮಗ ವಿಲ್ಲಿಯದು.

ಇದೇ ಊರಿನಲ್ಲಿ 1908ರ ಆಗಸ್ಟಿನಲ್ಲಿ ಬಿಳಿಯರ ಗುಂಪು ಕರಿಯರ ಮನೆಗಳನ್ನು ಸುಟ್ಟು, ಇಬ್ಬರನ್ನು ನೇಣಿಗೆ ಹಾಕಿತ್ತು. ಲಿಂಕನ್ ಮನೆ ನೋಡಿ ಹೋಗುವವರು ಆ ಜಾಗವನ್ನೂ ನೋಡಬೇಕು. ಆ ನಾಚಿಕೆಯಿಂದಲೇ ಮರುವರ್ಷ ಕರಿಯರ ಹಕ್ಕಿಗಾಗಿ ಹೋರಾಡುವ ದೇಶದ ದೊಡ್ಡ ಸಂಘಟನೆ ಹುಟ್ಟಿದ್ದು.

ಓಕ್ ರಿಡ್ಜ್ ಸ್ಮಶಾನದಲ್ಲಿ ಸಮಾಧಿಯ ಮುಂದೆ ಲಿಂಕನ್ ತಲೆಯ ದೊಡ್ಡ ಕಂಚಿನ ಪ್ರತಿಮೆಯಿದೆ. ಬಂದವರೆಲ್ಲ ಮೂಗು ಸವರಿ ಅದು ಚಿನ್ನದ ಹಾಗೆ ಹೊಳೆಯುತ್ತದೆ. ಅಜ್ಜ ಎತ್ತಿ ಹಿಡಿದರು, ಮೊಮ್ಮಗ ಸವರಿದ. ಒಳಗೆ ಅಪ್ಪ ಟೋಪಿ ತೆಗೆದು, ಏನೂ ಮಾತಾಡದೆ ನಿಂತರು.

ಆ ರಾತ್ರಿ ಹೋಟೆಲ್ ರೂಮಿನಲ್ಲಿ ಮಗ ಮಲಗಿದ ಮೇಲೆ ಅಪ್ಪ ಮೇಜಿನ ದೀಪ ಹಾಕಿಕೊಂಡು ಕೂತರು. ಲೇಥಮ್ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದರು. ಊರಿಗೆ ಹೋದ ಮೇಲೆ ಶಾಲೆಗೆ ಕೊಡಬೇಕಂತೆ, ಆ ಹಳೆಯ ಕಟ್ಟಿನಲ್ಲೇ ಹಾಕಿಸಬೇಕಂತೆ. ಒಂದು ಕಡೆ ಪೆನ್ನು ನಿಂತಿತು. "ಇಲ್ಲಿ ನೋಡು. ಗೆಲ್ಲಬೇಕು ಅಂದ ಮೇಲೆ, 'ಮಸ್ಟ್' ಅನ್ನುವ ಪದವನ್ನೇ ಎತ್ತಿ, ಅದೇ ಸರಿಯಾದ ಪದ ಅಂತ ಮತ್ತೆ ಬರೆದಿದ್ದಾನೆ. ನಮ್ಮಲ್ಲಿ ಅದಕ್ಕೆ ಏನು ಹಾಕೋದು? 'ಬೇಕು' ಸಾಲೋದಿಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಹೊರಗೆ ಮತ್ತೆ ಮಳೆ ಶುರುವಾಗಿತ್ತು.

"ಲೇಬೇಕು" ಅಂದೆ. "ಗೆಲ್ಲಲೇಬೇಕು."

"ಹ್ಞಾ" ಅಂದರು ಅಪ್ಪ. ಬರೆದುಕೊಂಡು, ಅದರ ಕೆಳಗೆ ಒಂದು ಗೆರೆ ಎಳೆದರು.